ಪ್ರೌಢಶಾಲೆಯ ಪರಿಸರ ಪಾಠವೂ ಹೊಲದ ಬದುವೂ

ಶಾಲೆಗಳಲ್ಲಿ ಪರಿಸರ ಶಿಕ್ಷಣವು ಕಡ್ಡಾಯವಾಗಿರತಕ್ಕದ್ದೆಂದು ಸುಪ್ರೀಂ ಕೋರ್ಟು 1991ನೆಯ ಇಸವಿಯಲ್ಲಿ ಆಜ್ಞಾಪಿಸಿತು. ಪಾಠವೇನೋ ಪುಸ್ತಕವನ್ನು ಸೇರಿತು. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಅದು ಹೊಲದವರೆಗೆ ನಡೆದುಬಂದಿದೆಯೇ ಎಂಬುದು ವಿಚಾರಾರ್ಹವಾದ ವಿಷಯ.

ಜೂನ್ 5ರಂದು ಸಸಿ ನೆಡುವುದು ಶಾಲೆಗಳ ವಾಡಿಕೆ. ಆ ವೇಳೆಗೆ ಈ ಸೀಮೆಯಲ್ಲಿ ಮುಂಗಾರು ನೆಲೆಯೂರಿರುವುದೇ ಅಪರೂಪ. ಬದುಕುಳಿದ ಸಸಿಗೆ ಮರುವರ್ಷದ ಬೇಸಿಗೆ ರಜೆಯಲ್ಲಿ ನೀರೆರೆಯುವವರಿಲ್ಲ. ಪಂಚಾಂಗಕ್ಕಾಗಿ ನೆಟ್ಟ ಗಿಡವು ಪಂಚಾಂಗದಲ್ಲಿಯೇ ಉಳಿಯುವುದು.

ಇಲ್ಲಿ ಮೊದಲು ರಕ್ಷಿಸಬೇಕಾದುದು ಎರೆಮಣ್ಣು. ಹಿಂಗಾರಿ ಜೋಳಕ್ಕೆಂದು ಬಿಟ್ಟ ಹೊಲವು ಮಳೆಗಾಲದಲ್ಲಿ ಬರಿದಾಗಿರುವುದು. ತೊಗರಿಯೂ ಮೊದಲಲ್ಲಿ ಮೆಲ್ಲನೆ ಬೆಳೆಯುವ ಪೈರಾದುದರಿಂದ ಸಾಲುಗಳ ನಡುವಣ ನೆಲವು ಬೇಗ ಮುಚ್ಚದು. ಎರೆಯು ನೆನೆದು ಉಬ್ಬಿದ ಮೇಲೆ ನೀರನ್ನು ಒಳಕ್ಕೆ ಬಿಡುವುದು ಬಲು ಕಡಿಮೆ. ಮಿಕ್ಕ ನೀರು ಮೇಲ್ಮಣ್ಣನ್ನು ಹೊತ್ತು ಹಳ್ಳಕ್ಕೂ, ಅಲ್ಲಿಂದ ಅಮರ್ಜಾ ಭೀಮಾ ನದಿಗಳಿಗೂ ಇಳಿಯುವುದು. ಒಂದು ಅಂಗುಲ ಮಣ್ಣು ಉಂಟಾಗಲು ನೂರಾರು ವರ್ಷ ಬೇಕು. ಹೋಗಲು ಕೆಲವು ಬಿರುಮಳೆ ಸಾಕು.

ಇದನ್ನು ಒಂಬತ್ತನೆಯ ತರಗತಿಯ ಹುಡುಗನಿಗೆ ತೋರಿಸಲು ಎರಡು ಗಾಜಿನ ಸೀಸೆಗಳಿದ್ದರೆ ಸಾಕು. ಮಳೆ ನಿಂತೊಡನೆ ಬದುವುಳ್ಳ ಹೊಲದಿಂದ ಹೊರಬೀಳುವ ನೀರನ್ನು ಒಂದರಲ್ಲಿಯೂ, ಬದುವಿಲ್ಲದೆ ಇಳಿಜಾರಿಗೆ ಉತ್ತ ಹೊಲದ ನೀರನ್ನು ಇನ್ನೊಂದರಲ್ಲಿಯೂ ಹಿಡಿದಿಡಬೇಕು. ಎರೆಯ ಜೇಡಿ ಬೇಗ ತಳ ಸೇರದು. ಎರಡಕ್ಕೂ ಚಿಟಿಕೆ ಪಟಿಕವನ್ನು ಹಾಕಿದರೆ ಬೇಗ ಇಳಿಯುವುದು. ತಳದ ಕೆಸರನ್ನು ಅಳತೆಪಟ್ಟಿಯಿಂದ ಅಳೆದು ಗೋಡೆಯ ಮೇಲೆ ಬರೆದಿಟ್ಟ ಬಾಲಕನು ಮನೆಗೆ ಹೋಗಿ ತಂದೆಯನ್ನು ಪ್ರಶ್ನಿಸದೆ ಇರಲಾರನು.

ಉಪಾಧ್ಯಾಯರಿಗೆ ಸೀಸೆ ಸಿಕ್ಕೀತು, ಹೊಲ ಸಿಕ್ಕುವುದು ಕಷ್ಟ. ಮಕ್ಕಳು ಪೈರನ್ನು ತುಳಿದಾರೆಂಬುದು ಭೂಮಾಲೀಕರು ಹೇಳುವ ಕಾರಣ. ಬದುವಿನ ಮೇಲೆ ನಡೆಯುವವರು ಪೈರನ್ನು ತುಳಿಯುವುದೆಂತು? ತಮ್ಮ ಹೊಲದ ಮಣ್ಣು ಊರೆದುರು ಸೀಸೆಯಲ್ಲಿ ಕಂಡೀತೆಂಬ ಸಂಕೋಚವೇ ನಿಜವಾದ ಕಾರಣವೆಂದು ಊಹಿಸಿದರೆ ತಪ್ಪಾಗಲಾರದು. ಈ ಸಂಕೋಚವನ್ನು ಬಿಡಿಸಬಲ್ಲವರು ಇಲಾಖೆಯ ನೌಕರರಲ್ಲ, ಊರ ಗೌಡರೇ. ಹಿರಿಯರೊಬ್ಬರು ತಮ್ಮ ಹೊಲವನ್ನೇ ಮೊದಲು ತೆರೆದುಕೊಟ್ಟರೆ ಉಳಿದವರು ಬೇಡವೆನ್ನರು. ಸುಗ್ಗಿಯ ಕೂಲಿಗೆಂದು ಈ ಮಕ್ಕಳನ್ನೇ ಪುಷ್ಯಮಾಸದಲ್ಲಿ ಶಾಲೆ ಬಿಡಿಸುವ ಪದ್ಧತಿಗೂ ಅವರ ಮಾತೇ ತಡೆಯಾಗಬೇಕು.

ಈ ಸೀಮೆಗೆ ಸೆಪ್ಟೆಂಬರಿನ ಮಳೆಯೇ ಹೆಚ್ಚು. ಉತ್ತರೆಗೆ ಮುನ್ನ ಮುಖ್ಯೋಪಾಧ್ಯಾಯರನ್ನು ಕಂಡು ಬದುವುಳ್ಳದೊಂದು, ಬದುವಿಲ್ಲದೊಂದು ಹೊಲವನ್ನು ಗೊತ್ತುಮಾಡಿಕೊಟ್ಟರೆ ಕೆಲಸವು ಈ ವರ್ಷವೇ ಮೊದಲಾಗಬಹುದು.