ಶಾರ್ಟ್ ಮಾಡ್ಲಿಕ್ಕೆ ಯಾವ ಬ್ರೋಕರ್ ಒಳ್ಳೇದು? ಪ್ರಶ್ನೆಯೇ ತಪ್ಪು ಮಾರಾಯ್ರೆ

1/6
ಪರೀಕ್ಷೆ ಮುಗಿದದ್ದೇ ತಡ, ಡಿಎಂನಲ್ಲಿ ಒಂದೇ ಪ್ರಶ್ನೆ. "ಶಾರ್ಟ್ ಸೆಲ್ಲಿಂಗ್‌ಗೆ ಜಾಸ್ತಿ ಷೇರು ಯಾವ ಆ್ಯಪ್‌ನಲ್ಲಿ ಸಿಗ್ತದೆ?" ಮಣಿಪಾಲದ ಹಾಸ್ಟೆಲಿನವರೂ ಅದೇ ಕೇಳ್ತಾರೆ, ಕಾರ್ಕಳ ಬಸ್ಸಲ್ಲಿ ಪಕ್ಕ ಕೂತವನೂ ಅದೇ ಕೇಳ್ತಾನೆ. ಈ ಪ್ರಶ್ನೆ ಅಮೆರಿಕದ ವಿಡಿಯೋ ನೋಡಿ ಬಂದದ್ದು. ಅಲ್ಲಿ ಬ್ರೋಕರ್ ನಿಮಗೆ ಷೇರು ಸಾಲ ಕೊಡಬೇಕು, ಹಾಗಾಗಿ ಅವನ ಹತ್ರ ಎಷ್ಟು ಉಂಟು ಎಂಬುದು ಮುಖ್ಯ. ಇಲ್ಲಿ ಕಥೆಯೇ ಬೇರೆ.

2/6
ನಮ್ಮಲ್ಲಿ ನಾವು ಮಾಡುವುದು ಇಂಟ್ರಾಡೇ ಶಾರ್ಟ್. ಬೆಳಿಗ್ಗೆ ಮಾರಿ, ಅದೇ ದಿನ ಮಾರ್ಕೆಟ್ ಮುಚ್ಚುವ ಮೊದಲು ವಾಪಸ್ ಕೊಳ್ಳಬೇಕು. ಇದಕ್ಕೆ ಯಾರೂ ಷೇರು ಸಾಲ ಕೊಡುವುದಿಲ್ಲ. ಬ್ರೋಕರ್ ತೋರಿಸುವ ಉದ್ದದ ಲಿಸ್ಟ್ ಎಂದರೆ "ಇಷ್ಟು ಷೇರಲ್ಲಿ ನಿಮ್ಮ ರಿಸ್ಕ್‌ಗೆ ನಾನು ಒಪ್ಪಿದ್ದೇನೆ" ಅಂತ, ಅಷ್ಟೆ. ಲಿಸ್ಟ್ ಉದ್ದ ಇದ್ದಷ್ಟು ಅದರಲ್ಲಿ ಅಪಾಯದ ಸಣ್ಣ ಷೇರುಗಳೂ ಜಾಸ್ತಿ. ಟ್ರೇಡ್-ಟು-ಟ್ರೇಡ್ ವಿಭಾಗದ ಷೇರನ್ನಂತೂ ಯಾವ ಬ್ರೋಕರ್ ಹತ್ರ ಹೋದರೂ ಶಾರ್ಟ್ ಮಾಡ್ಲಿಕ್ಕಾಗುವುದಿಲ್ಲ. ಅಲ್ಲಿ ಡೆಲಿವರಿ ಕಡ್ಡಾಯ.

3/6
ನಾನು ಬುದ್ಧಿವಂತ ಅಂತ ಹೇಳ್ತಾ ಇಲ್ಲ. ಸೆಕೆಂಡ್ ಇಯರ್‌ನಲ್ಲಿ ನಾನೂ ಲಿಸ್ಟ್ ದೊಡ್ಡದುಂಟು ಅಂತಲೇ ಅಕೌಂಟ್ ಮಾಡಿದವ. ಹೆಸರು ಕೇಳಬೇಡಿ. ಖಾತೆಯಲ್ಲಿ ಇದ್ದದ್ದು 4,000 ರೂಪಾಯಿ. 5 ಪಟ್ಟು ಮಾರ್ಜಿನ್ ಸಿಕ್ಕಿತು, 62 ರೂಪಾಯಿಗೆ 300 ಷೇರು ಶಾರ್ಟ್ ಹೊಡೆದೆ. ಮಧ್ಯಾಹ್ನ ಷೇರು 66ಕ್ಕೆ ಹೋಗಿ ಅಪ್ಪರ್ ಸರ್ಕ್ಯೂಟ್ ಬಿತ್ತು. ಕೊಳ್ಳುವವರು ಸಾಲುಗಟ್ಟಿ ನಿಂತಿದ್ದಾರೆ, ಮಾರುವವ ಒಬ್ಬನೂ ಇಲ್ಲ. ಸ್ಟಾಪ್ ಲಾಸ್ ಹಾಕಿದ್ದೆ, ಆದರೆ ಮಾರುವವನೇ ಇಲ್ಲದಾಗ ಅದು ಎಂತ ಮಾಡ್ತದೆ?

ನಾನು ಮಾರಿದ ಷೇರು ಕೊಡ್ಲಿಕ್ಕಾಗಲಿಲ್ಲ. ಮರುದಿನ ಎಕ್ಸ್‌ಚೇಂಜ್ ಹರಾಜಿನಲ್ಲಿ 74ಕ್ಕೆ ಕೊಂಡು ಆಚೆಯವನಿಗೆ ಕೊಟ್ಟರು. ನಷ್ಟ 3,600, ಮೇಲಿಂದ ಶುಲ್ಕ. ಎಂಟು ಮದುವೆಯಲ್ಲಿ ಬಡಿಸ್ಲಿಕ್ಕೆ ಹೋಗಿ ಒಟ್ಟು ಮಾಡಿದ ದುಡ್ಡು ಅದು. ಮನೆಯಲ್ಲಿ ಈಗಲೂ ಗೊತ್ತಿಲ್ಲ. ಇವತ್ತು ಗೊತ್ತಾಗ್ತದೆ.

4/6
ಹಾಗಂತ "ಶಾರ್ಟ್ ಸೆಲ್ಲಿಂಗ್ ಪಾಪ, ಜೂಜು" ಎನ್ನುವ ಅಂಕಲ್‌ಗಳ ಪಕ್ಷವೂ ನನ್ನದಲ್ಲ. ಬೆಲೆ ಉಬ್ಬಿದೆ ಎಂದು ಹೇಳುವವನೂ ಮಾರ್ಕೆಟ್‌ಗೆ ಬೇಕು. ನಮ್ಮ ಕಾಪು ತಾಲೂಕಿನ ಎಲ್ಲೂರಿನ ವಿದ್ಯುತ್ ಸ್ಥಾವರ ಯಾರದ್ದು ಗೊತ್ತುಂಟಲ್ಲ? 2015ರಿಂದ ಅದಾನಿ ಗುಂಪಿನದ್ದು. 2023ರ ಜನವರಿಯಲ್ಲಿ ಹಿಂಡೆನ್‌ಬರ್ಗ್ ವರದಿ ಬಂದಾಗ ಆ ಗುಂಪಿನ ಮಾರುಕಟ್ಟೆ ಮೌಲ್ಯ 100 ಬಿಲಿಯನ್ ಡಾಲರ್‌ಗಿಂತ ಹೆಚ್ಚು ಕರಗಿತು. ಆರೋಪವನ್ನು ಗುಂಪು ಅಲ್ಲಗಳೆಯಿತು, ಅದು ಬೇರೆ ಚರ್ಚೆ. ಗಮನಿಸಬೇಕಾದ್ದು ಎಂತ ಅಂದರೆ, ತಾನು ಶಾರ್ಟ್ ಮಾಡಿದ್ದು ಅಮೆರಿಕದಲ್ಲಿ ವ್ಯವಹಾರವಾಗುವ ಬಾಂಡ್ ಮತ್ತು ಭಾರತದ ಹೊರಗಿನ ಡೆರಿವೇಟಿವ್ ಮೂಲಕ ಅಂತ ಹಿಂಡೆನ್‌ಬರ್ಗೇ ಬರೆದುಕೊಂಡಿತ್ತು. ಅಷ್ಟು ದೊಡ್ಡವರೇ ಇಲ್ಲಿನ ಷೇರು ಮಾರಿ ಆಡಲಿಲ್ಲ. ನಾವು ಕ್ಯಾಂಟೀನ್‌ನಲ್ಲಿ ಕೂತು ಸರ್ಕ್ಯೂಟ್ ಬೀಳುವ ಷೇರನ್ನು ಮಾರ್ತೇವೆ.

5/6
ಷೇರು ಸಾಲ ಪಡೆದು ದಿನಗಟ್ಟಲೆ ಶಾರ್ಟ್ ಇಡುವ ದಾರಿ ಭಾರತದಲ್ಲೂ ಉಂಟು. ಅದರ ಹೆಸರು ಎಸ್‌ಎಲ್‌ಬಿ, ಶುರುವಾದದ್ದು 2008ರಲ್ಲಿ. ಸಾಲ ಕೊಟ್ಟವನಿಗೆ ಶುಲ್ಕ, ಪಡೆದವನಿಗೆ ಷೇರು. "ಷೇರು ಸಿಗ್ತದಾ" ಎಂಬ ಪ್ರಶ್ನೆಗೆ ಅರ್ಥ ಇರುವುದು ಇಲ್ಲಿ ಮಾತ್ರ. ತಮಾಷೆ ನೋಡಿ, ಇದರ ಬಗ್ಗೆ ಒಬ್ಬನೂ ರೀಲ್ ಮಾಡುವುದಿಲ್ಲ.

ಹಾಗಾದರೆ ಬ್ರೋಕರನ್ನು ಕೇಳಬೇಕಾದ್ದು ಇಷ್ಟು:
▪️ ಎಸ್‌ಎಲ್‌ಬಿ ಸೌಲಭ್ಯ ಉಂಟಾ? ಸಣ್ಣ ಗ್ರಾಹಕನಿಗೂ ಕೊಡ್ತೀರಾ?
▪️ ಆಟೋ ಸ್ಕ್ವೇರ್ ಆಫ್ ಎಷ್ಟು ಗಂಟೆಗೆ? ಅದಕ್ಕೆ ಶುಲ್ಕ ಎಷ್ಟು?
▪️ ಸರ್ಕ್ಯೂಟ್ ಬಿದ್ದು ಹರಾಜಿಗೆ ಹೋದರೆ ಲೆಕ್ಕ ಹೇಗೆ? ಬರವಣಿಗೆಯಲ್ಲಿ ಕೊಡಿ.
▪️ ಗಲಾಟೆಯ ದಿನ ಆ್ಯಪ್ ನಿಂತರೆ ಫೋನಲ್ಲಿ ಆರ್ಡರ್ ತಗೊಳ್ತೀರಾ?
▪️ ಸೆಬಿ ನೋಂದಣಿ ಸಂಖ್ಯೆ ಯಾವುದು?

ಇದಕ್ಕೆ ನೆಟ್ಟಗೆ ಉತ್ತರ ಕೊಡುವವನು ಒಳ್ಳೆಯ ಬ್ರೋಕರ್. ಲಿಸ್ಟ್ ಚಿಕ್ಕದಾದರೂ ಪರವಾಗಿಲ್ಲ. ಶಾರ್ಟ್ ಮಾಡಲೇಬೇಕೆಂದರೆ ಎಫ್ ಆ್ಯಂಡ್ ಓ ಪಟ್ಟಿಯಲ್ಲಿರುವ ದೊಡ್ಡ ಷೇರುಗಳಲ್ಲಿ ಮಾತ್ರ ಮಾಡಿ. ಅವುಗಳಿಗೆ ನಿಗದಿತ ಸರ್ಕ್ಯೂಟ್ ಇಲ್ಲ, ನಷ್ಟವಾದರೂ ಹೊರಗೆ ಬರುವ ಬಾಗಿಲು ಸಾಮಾನ್ಯವಾಗಿ ತೆರೆದಿರ್ತದೆ.

6/6
2024ರಲ್ಲಿ ಸೆಬಿಯೇ ಲೆಕ್ಕ ಕೊಟ್ಟಿದೆ. 2022-23ರಲ್ಲಿ ಕ್ಯಾಶ್ ಮಾರ್ಕೆಟ್‌ನಲ್ಲಿ ಇಂಟ್ರಾಡೇ ಮಾಡಿದ 10 ಮಂದಿಯಲ್ಲಿ 7 ಮಂದಿಗೆ ನಷ್ಟ. 30 ವರ್ಷದ ಒಳಗಿನವರಲ್ಲಿ 76%. ಅಂದರೆ ನಾವೇ. ಆದರೆ ನಾವು ಗೆದ್ದರೂ ಸೋತರೂ ಬ್ರೋಕರಿಗೆ ಪ್ರತಿ ಆರ್ಡರ್‌ಗೂ ದುಡ್ಡು ಬರ್ತದೆ. ಲಿಸ್ಟ್ ಉದ್ದ ಮಾಡುವುದು ಯಾಕೆ ಅಂತ ಈಗ ಅರ್ಥ ಆಯ್ತಾ?

ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ತಗೊಳ್ತಿದ್ದರು. ಎರಡಾಣೆಗೂ ಲೆಕ್ಕ ಇಟ್ಟ ಊರಿನ ಮಕ್ಕಳು ನಾವು. ಬಿಕಾಂ ಓದಿಯೂ ಶುಲ್ಕದ ಪಟ್ಟಿ ಓದದೆ ಅಕೌಂಟ್ ತೆರೆದರೆ ಆ ಡಿಗ್ರಿ ಎಂತಕ್ಕೆ?

ಸೇವ್ ಮಾಡಿಡಿ. ಮತ್ತೆ ಆ ಪ್ರಶ್ನೆ ಡಿಎಂ ಮಾಡಿದರೆ 3ನೇ ಸ್ಲೈಡ್ ವಾಪಸ್ ಕಳಿಸ್ತೇನೆ. 🙏

#ಉಡುಪಿ #ಮಣಿಪಾಲ #ಕಾಪು #ಕಾರ್ಕಳ #ಷೇರುಪೇಟೆ #ಬಿಕಾಂ