ಅಟ್ಟದ ಕೊಬ್ಬರಿಯೂ ಜಾಲತಾಣದ ಫಲವೂ

ತಿಪಟೂರಿನ ಮಾರುಕಟ್ಟೆಯೊಂದನ್ನೇ ನೆಚ್ಚದೆ, ತನ್ನ ಉಂಡೆ ಕೊಬ್ಬರಿಯನ್ನು ದೂರದ ಗ್ರಾಹಕರಿಗೆ ನೇರವಾಗಿ ಮಾರಲು ಕಿಬ್ಬನಹಳ್ಳಿ ಸೀಮೆಯ ಬೆಳೆಗಾರನೂ ಇಂದು ಜಾಲತಾಣವೊಂದನ್ನು ತೆರೆಯಬಹುದಾಗಿದೆ. ತೆರೆದೊಡನೆ ಏಳುವ ಪ್ರಶ್ನೆಯೊಂದೇ: ಗೂಗಲ್‌ನಲ್ಲಿ ಹುಡುಕುವವರ ಕಣ್ಣಿಗೆ ಅದು ಬೀಳುವುದು ಎಂದಿಗೆ? ಒಂದೇ ತಿಂಗಳಲ್ಲಿ ಮೊದಲ ಸ್ಥಾನ ದೊರಕಿಸುವೆವೆಂದು ಹಣ ಕೇಳುವವರಿಗೇನೂ ಕೊರತೆಯಿಲ್ಲ. ಅಂಥ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಎಚ್ಚರಿಸಿದೆ. ಸುಧಾರಣೆಗಳನ್ನು ಕೈಗೊಂಡು ಫಲ ಕಾಣಲು ಬಹುತೇಕ 4 ತಿಂಗಳಿನಿಂದ 1 ವರ್ಷ ಹಿಡಿಯುವುದೆಂದು ಅದು 2017ರಲ್ಲಿ ತಿಳಿಸಿತ್ತು.

ಈ ವಿಳಂಬಕ್ಕೆ ಕಾರಣವುಂಟು. ಶೋಧಯಂತ್ರವು ಪುಟವನ್ನು ಮೊದಲು ಕಂಡು ಓದಬೇಕು. ತನ್ನ ಸೂಚಿಯಲ್ಲಿ ಸೇರಿಸಿಕೊಳ್ಳಬೇಕು. ಅದೇ ವಿಷಯದ ಇತರ ಪುಟಗಳೊಡನೆ ತೂಗಿ ನೋಡಬೇಕು. ಅನ್ಯ ತಾಣಗಳು ತಾವಾಗಿ ಉಲ್ಲೇಖಿಸುವಷ್ಟು ವಿಶ್ವಾಸವಂತೂ ಒಂದು ದಿನದ ಗಳಿಕೆಯಲ್ಲ.

ನಮ್ಮ ಸೀಮೆಯವರಿಗೆ ಇದು ಹೊಸ ಪಾಠವಾಗಬೇಕಿಲ್ಲ. ಅಟ್ಟಕ್ಕೇರಿಸಿದ ಕಾಯಿಯೊಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗಲು 8ರಿಂದ 12 ತಿಂಗಳು ಬೇಕು. ನಡುವೆ ಒಡೆದವನಿಗೆ ಅತ್ತ ಕಾಯಿಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ. ಆದರೆ ವ್ಯತ್ಯಾಸವೊಂದುಂಟು: ಅಟ್ಟದ ಕಾಯಿ ತಾನಾಗಿ ಒಣಗುವುದು, ಜಾಲತಾಣವು ಕೆಲಸ ಬೇಡುವುದು. ಕೊಬ್ಬರಿಯ ಗಾತ್ರ, ಬೆಲೆ, ಒಣಗಿಸಿದ ಬಗೆ, ಕಳುಹಿಸುವ ಕ್ರಮ, ಇವುಗಳನ್ನು ಕೊಳ್ಳುವವನಿಗೆ ತಿಳಿಯುವ ಭಾಷೆಯಲ್ಲಿ ಸತ್ಯವಾಗಿ ಬರೆಯಬೇಕು, ಆಗಾಗ ತಿದ್ದುತ್ತಿರಬೇಕು.

ಆದುದರಿಂದ ಹಳೆಯ ವಿದ್ಯಾರ್ಥಿಗಳಾಗಲಿ ಅವರಿಗೆ ನೆರವಾಗುವ ದಾನಿಗಳಾಗಲಿ ಒಂದು ವರ್ಷದ ವೆಚ್ಚಕ್ಕೆ ಅಣಿಯಾಗದೆ ಈ ಕಾರ್ಯಕ್ಕೆ ಕೈಹಾಕಬಾರದು. ಹಾಕಿದ ಮೇಲೆ ಮೂರನೆಯ ತಿಂಗಳಿಗೇ ಕೈಬಿಡಬಾರದು. ವರ್ಷ ಕಳೆದರೂ ಫಲ ತೋರದಿದ್ದಲ್ಲಿ ಬರಹವನ್ನು ಪರೀಕ್ಷಿಸಿ ತಿದ್ದುವುದು ವಿವೇಕ. ಗಣಕಯಂತ್ರವನ್ನು ಕಲಿಸುವ ಉಪಾಧ್ಯಾಯರು ಅದರೊಡನೆ ಈ ತಾಳ್ಮೆಯನ್ನೂ ಕಲಿಸಲೆಂಬುದು ನಮ್ಮ ವಿನಂತಿ.