ಪಡೆಯುವವರು ಎಲ್ಲರೂ, ಕೊಡುವವರು ಯಾರು?

ಇಂಟರ್‌ನೆಟ್‌ನಲ್ಲಿ ನಾವು ಪಡೆಯುವ ಫೈಲುಗಳು ಸಾಮಾನ್ಯವಾಗಿ ಯಾವುದೋ ಸಂಸ್ಥೆಯ ಸರ್ವರ್‌ನಿಂದ ಬರುತ್ತವೆ. ಆದರೆ ಜನಸಾಮಾನ್ಯರ ಕಂಪ್ಯೂಟರುಗಳೇ ಪರಸ್ಪರ ಫೈಲು ಹಂಚಿಕೊಳ್ಳುವ ವ್ಯವಸ್ಥೆಯೂ ಇದೆ. ಇದಕ್ಕೆ ಪಿಯರ್-ಟು-ಪಿಯರ್ ಜಾಲ ಎನ್ನುತ್ತಾರೆ. ಇಲ್ಲಿ ಎಲ್ಲರೂ ಪಡೆಯಬಹುದು, ಎಲ್ಲರೂ ಕೊಡಬೇಕು. ಆದರೆ ಕೊಡಲೇಬೇಕೆಂಬ ಕಟ್ಟುಪಾಡು ಇಲ್ಲದಿದ್ದರೆ?

ಗ್ನುಟೆಲ್ಲಾ ಎಂಬ ಇಂತಹ ಜಾಲವನ್ನು 2000ದಲ್ಲಿ ಆಡಾರ್ ಮತ್ತು ಹ್ಯೂಬರ್‌ಮನ್ ಎಂಬ ಸಂಶೋಧಕರು ಪರಿಶೀಲಿಸಿದರು. ಸುಮಾರು ಶೇ. 70 ಮಂದಿ ಒಂದು ಫೈಲನ್ನೂ ಹಂಚಿರಲಿಲ್ಲ. ಕೋರಿಕೆಗಳಿಗೆ ಬಂದ ಉತ್ತರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಕೊಟ್ಟವರು, ಹಂಚುವವರಲ್ಲೇ ಶೇ. 1ರಷ್ಟು ಮಂದಿ ಮಾತ್ರ!

ಕಜಾ ಎಂಬ ಇನ್ನೊಂದು ಜಾಲ ಹೆಚ್ಚು ಕೊಟ್ಟವರಿಗೆ ಹೆಚ್ಚು ಅಂಕ ಎಂಬ ಉಪಾಯ ಮಾಡಿತು. ಆದರೆ ಆ ಅಂಕವನ್ನು ಹೇಳುತ್ತಿದ್ದುದು ಆಯಾ ಬಳಕೆದಾರನ ಕಂಪ್ಯೂಟರೇ. ಕಜಾ ಲೈಟ್ ಎಂಬ ಮಾರ್ಪಡಿಸಿದ ಸಾಫ್ಟ್‌ವೇರ್ ಯಾವಾಗಲೂ ಗರಿಷ್ಠ ಅಂಕವನ್ನೇ ತೋರಿಸಿತು. ತನಗೆ ತಾನೇ ಬರೆದುಕೊಂಡ ಸರ್ಟಿಫಿಕೇಟಿಗೆ ಬೆಲೆಯೆಲ್ಲಿ?

2001ರಲ್ಲಿ ಬ್ರಾಮ್ ಕೊಹೆನ್ ರೂಪಿಸಿದ ಬಿಟ್‌ಟೊರೆಂಟ್ ಬೇರೆ ದಾರಿ ಹಿಡಿಯಿತು. ಅಲ್ಲಿ ಫೈಲನ್ನು ತುಣುಕುಗಳಾಗಿ ಒಡೆಯುತ್ತಾರೆ. ನಿಮ್ಮ ಕಂಪ್ಯೂಟರ್ ತನಗೆ ಯಾರು ವೇಗವಾಗಿ ತುಣುಕು ಕಳುಹಿಸುತ್ತಿದ್ದಾರೆಂದು ನೋಡಿ, ಮುಖ್ಯವಾಗಿ ಅವರಿಗೇ ಕಳುಹಿಸುತ್ತದೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಲೆಕ್ಕವೂ ಇದೇ ಅಲ್ಲವೇ? ಇಂದು ನಮ್ಮ ಗದ್ದೆಗೆ ಬಂದವರ ಗದ್ದೆಗೆ ನಾಳೆ ನಾವು. ಬಂದ ತುಣುಕು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಪ್ರತಿ ತುಣುಕಿಗೂ ಬೆರಳಚ್ಚಿನಂತಹ ಒಂದು ಗುರುತು ಮೊದಲೇ ಇರುತ್ತದೆ. ತಾಳೆಯಾಗದಿದ್ದರೆ ಅದನ್ನು ಎಸೆಯಲಾಗುತ್ತದೆ. ಕೊಟ್ಟವನು ಅಪರಿಚಿತನಾದರೂ ಚಿಂತೆಯಿಲ್ಲ.

ಆದರೆ ಆಗ ತಾನೇ ಬಂದ ಹೊಸಬನ ಬಳಿ ಕೊಡಲು ಏನೂ ಇರುವುದಿಲ್ಲ. ಲೆಕ್ಕ ಮಾತ್ರ ನೋಡಿದರೆ ಅವನಿಗೆ ಬಾಗಿಲು ತೆರೆಯುವುದೇ ಇಲ್ಲ. ಅದಕ್ಕಾಗಿ ಬಿಟ್‌ಟೊರೆಂಟ್‌ನಲ್ಲಿ ಒಂದು ಜಾಗವನ್ನು ಲೆಕ್ಕದಿಂದ ಹೊರಗಿಡಲಾಗಿದೆ. ಸುಮಾರು 30 ಸೆಕೆಂಡಿಗೊಮ್ಮೆ ಚೀಟಿ ಎತ್ತಿದಂತೆ ಯಾರಾದರೊಬ್ಬರನ್ನು ಆರಿಸಿ, ಅವರಿಂದ ಏನೂ ಬಾರದಿದ್ದರೂ ಕೊಡಲಾಗುತ್ತದೆ. ಕೆಲವೊಮ್ಮೆ ಅವರೇ ಉತ್ತಮ ಜೊತೆಗಾರರಾಗುವುದೂ ಉಂಟು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಫೈಲು ಪೂರ್ತಿ ದೊರೆತ ಮೇಲೆ ಅಲ್ಲೇ ಇದ್ದು ಇತರರಿಗೆ ಕೊಡಬೇಕೆಂದು ಬಿಟ್‌ಟೊರೆಂಟ್ ಯಾರನ್ನೂ ಕಟ್ಟಿಹಾಕುವುದಿಲ್ಲ. ಎಲ್ಲರೂ ಎದ್ದುಹೋದರೆ ಆ ಫೈಲೇ ಸಿಗದಂತಾಗುತ್ತದೆ.

ಹಕ್ಕುಸ್ವಾಮ್ಯವುಳ್ಳ ಚಲನಚಿತ್ರ, ಹಾಡುಗಳನ್ನು ಅನುಮತಿಯಿಲ್ಲದೆ ಹಂಚುವುದು ಅಪರಾಧ, ಆ ದಾರಿ ಬೇಡ. ಆದರೆ ಲಿನಕ್ಸ್‌ನಂತಹ ಮುಕ್ತ ತಂತ್ರಾಂಶವನ್ನು ಹೀಗೆ ಪಡೆದಾಗ, ನಿಮ್ಮ ಕೆಲಸವಾದ ಕೂಡಲೇ ಮುಚ್ಚಿಬಿಡಬೇಡಿ. ಪಡೆದಷ್ಟನ್ನಾದರೂ ಮರಳಿ ಕೊಟ್ಟು ಹೊರಡಿ. ನಿಮಗೂ ಮೊದಲ ತುಣುಕನ್ನು ಯಾರೋ ಲೆಕ್ಕವಿಡದೆ ಕೊಟ್ಟಿದ್ದರು.